ನೀರಿನ ಜಾಹೀರಾತಿನ ಸಿಪಾಯಿ

"ಮುಖ ಬಿಡಿ ಸಾರ್, ಮುಖ ನಾನು ನೋಡ್ಕೋತೀನಿ. ನೀವು ಕೊರಳ ಹತ್ತಿರ ನೋಡಿ. ಕಾಲರ್ ನೋಡಿ."

ಹುಡುಗನ ತಾಯಿ ಬಸ್ ನಿಲ್ದಾಣದ ಬೆಂಚಿನಿಂದ ಏಳದೆಯೇ ಬೆರಳು ಚಾಚಿದಳು. ರಸ್ತೆಯಾಚೆ, ದಂಡಿನ ಮುಖ್ಯ ಬಾಗಿಲಿಗೆ ನೇರ ಎದುರಾಗಿ, ಮೂರು ಮಹಡಿ ಎತ್ತರದ ಜಾಹೀರಾತು ಫಲಕ. ಅದರ ತುಂಬ ಆಕೆಯ ಮಗ. ಸಮವಸ್ತ್ರ ತೊಟ್ಟು, ಕಣ್ಣು ಮುಚ್ಚಿ, ತಲೆಯನ್ನು ಹಿಂದಕ್ಕೆ ವಾಲಿಸಿ ಬಾಟಲಿಯಿಂದ ನೀರು ಕುಡಿಯುತ್ತಿದ್ದ. ಕೆಳಗೆ ಆಳೆತ್ತರದ ಅಕ್ಷರಗಳು: 'ಗೆಲ್ಲುವವರ ದಾಹಕ್ಕೆ'.

ಫಲಕ ಎದ್ದು ನಾಲ್ಕು ದಿನ. ತರಬೇತಿಯ ದೂರನಡಿಗೆಯಲ್ಲಿ ಬಿಸಿಲು ಬಡಿದು ಹುಡುಗ ಸತ್ತು ಎಂಟು ತಿಂಗಳು.

ಸೇನಾ ಪೊಲೀಸ್ ವಿಭಾಗದ ಮೇಜರ್ ಹಣೆಗೆ ಅಂಗೈ ಅಡ್ಡ ಹಿಡಿದು ನೋಡಿದ. ಕಣ್ಣು ಉರಿಯುತ್ತಿತ್ತು. ಬೆಳಗಿನಿಂದ ಇದು ಮೂರನೆಯ ಸಲ ಇಲ್ಲಿ ಬಂದು ನಿಂತದ್ದು. ಇಲಾಖೆಯಲ್ಲಿ ಎಲ್ಲರೂ ಅವನ ಬೆನ್ನ ಹಿಂದೆ 'ಆಮೆ' ಎನ್ನುತ್ತಿದ್ದರು; ಇತ್ತೀಚೆಗೆ ಎದುರಿಗೂ ಅನ್ನತೊಡಗಿದ್ದರು. ನಿವೃತ್ತಿಗೆ ಇನ್ನೆರಡು ತಿಂಗಳಿರುವಾಗ ಕೋಪ ಮಾಡಿಕೊಳ್ಳುವುದಕ್ಕೂ ಅವನಿಗೆ ಸೋಮಾರಿತನ.

"ಕಾಲರ್‌ನಲ್ಲಿ ಏನಿದೆ ತಾಯಿ?"

"ನಿರಿಗೆ ನೋಡಿ. ಎದೆಯಿಂದ ಹೊರಟ ನಿರಿಗೆಯೆಲ್ಲಾ ಮೇಲಕ್ಕೆ, ಕತ್ತಿನ ಹಿಂದಕ್ಕೆ ಓಡಿದೆ. ಮೊಳೆಗೆ ನೇತು ಹಾಕಿದ ಅಂಗಿ ಹೀಗೆ ಎಳ್ಕೊಳ್ಳುತ್ತೆ. ಇಪ್ಪತ್ತಾರು ವರ್ಷದಿಂದ ಶಾಲೆ ಮಕ್ಕಳ ಸಮವಸ್ತ್ರ ಹೊಲೀತಿದೀನಿ ಸಾರ್. ತನ್ನ ಕಾಲ ಮೇಲೆ ತಾನು ನಿಂತವನ ಅಂಗಿ ಅಲ್ಲ ಅದು."

ಮೇಜರ್ ಮತ್ತೆ ನೋಡಿದ. ಈಗ ಅವನಿಗೂ ಕಂಡಿತು. ಒಮ್ಮೆ ಕಂಡ ಮೇಲೆ ಬೇರೇನೂ ಕಾಣದಾಯಿತು.

"ನಾನು ದಿನಾ ಇದೇ ಬಸ್ಸಲ್ಲಿ ಅಂಗಡಿಗೆ ಹೋಗ್ಬೇಕು," ಎಂದಳು ಆಕೆ. ದನಿಯಲ್ಲಿ ಅಳುವಿರಲಿಲ್ಲ, ಅತ್ತು ಅತ್ತು ಬತ್ತಿಹೋದ ದನಿ. "ಮೊದಲ ದಿನ ಆ ಕಡೆ ಸೀಟಲ್ಲಿ ಕೂತೆ, ಕಾಣದಿರಲಿ ಅಂತ. ಪಕ್ಕದಲ್ಲಿ ಕೂತವಳು ನನ್ನ ಭುಜ ತಟ್ಟಿ, 'ಎಷ್ಟು ಚೆನ್ನಾಗಿ ಕುಡೀತಾನೆ ನೋಡಿ, ನೋಡಿದ್ರೇ ಬಾಯಾರುತ್ತೆ' ಅಂದ್ಲು. ನಾನು ಹೌದಮ್ಮಾ ಅಂದೆ. ಇನ್ನೇನು ಅನ್ಲಿ?"

ಬಸ್ಸು ಬಂತು. ಆಕೆ ಹತ್ತುವ ಮೊದಲು ಹಿಂದಿರುಗಿ ಒಂದೇ ಮಾತು ಕೇಳಿದಳು.

"ಈ ಫೋಟೋ ಯಾವತ್ತು ತೆಗೆದದ್ದು ಸಾರ್? ಅಷ್ಟು ಹೇಳಿ ಸಾಕು."

*

ದಂಡಿನ ಆಡಳಿತ ಕಟ್ಟಡದ ಕೊನೆಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಇರಲಿಲ್ಲ. ಸೇನೆಗೆ ಬರುವ ಪ್ರಾಯೋಜಕತ್ವದ ಅರ್ಜಿಗಳನ್ನೂ ಜಾಹೀರಾತುಗಳನ್ನೂ ಪರಿಶೀಲಿಸುವ ಗುಮಾಸ್ತೆ ಅಲ್ಲಿ ಒಬ್ಬಳೇ ಕೂತಿದ್ದಳು. ಅವಳಿಗೆ ದಂಡಿನ ತುಂಬ ಒಂದೇ ಹೆಸರು: ಕತ್ತರಿ. ಬಂದ ಅರ್ಜಿಯಲ್ಲಿ ಅರ್ಧ ಕತ್ತರಿಸದೆ ಅವಳು ಸಹಿ ಹಾಕಿದ್ದನ್ನು ಕಂಡವರಿಲ್ಲ. ಅವಳ ನಿಯಮಪುಸ್ತಕದ ಹೊಲಿಗೆ ಬಿಟ್ಟುಹೋಗಿತ್ತು. ಹಾಳೆಗಳನ್ನು ಬೂಟಿನ ಲೇಸಿನಿಂದ ಕಟ್ಟಿಟ್ಟಿದ್ದಳು.

"ಬನ್ನಿ ಮೇಜರ್ ಸಾಹೇಬ್ರೇ. ಕೂತ್ಕೊಳ್ಳಿ, ಆ ಕುರ್ಚಿ ಬೇಡ, ಅದಕ್ಕೆ ಮೂರೇ ಕಾಲು. ಆ ನೀರಿನ ಕಂಪನಿ ವಿಷಯ ತಾನೆ?"

"ಅವರು ನಿಮ್ಮ ಹತ್ತಿರ ಬಂದಿದ್ರಾ?"

"ಒಂದ್ಸಲ ಅಲ್ಲ, ಮೂರು ಸಲ." ಅವಳು ಫೈಲು ಬಿಚ್ಚಿದಳು. "ಮೊದಲ್ನೇದು ಕ್ರೀಡಾದಿನಕ್ಕೆ. ಶಾಮಿಯಾನ ಕೊಡ್ತೀವಿ, ಕುರ್ಚಿ ಕೊಡ್ತೀವಿ, ಮೈದಾನದೊಳಗೆ ಒಂದು ಬ್ಯಾನರ್ ಕಟ್ತೀವಿ ಅಂದ್ರು. ಅದಕ್ಕೆ ಅಡ್ಡಿಯಿಲ್ಲ. ಬ್ಯಾನರ್ ಕೆಳಗೆ 'ಇದು ಸೇನೆಯ ಶಿಫಾರಸಲ್ಲ' ಅಂತ ಹತ್ತಡಿ ದೂರದಿಂದ ಓದೋ ಹಾಗೆ ಬರೀರಿ ಅಂದೆ. ಮುಖ ಸಿಂಡರಿಸ್ಕೊಂಡು ಬರೆದ್ರು."

"ಎರಡನೇದು?"

"ದೂರನಡಿಗೆಗೆ ಸಂಖ್ಯೆಪಟ್ಟಿ. ಎದೆ ಮೇಲೆ ಕಟ್ಕೋತಾರಲ್ಲ, ಬಿಳಿ ಬಟ್ಟೆ. ನಾಲ್ಕು ನೂರು ಪಟ್ಟಿ ಪುಕ್ಕಟೆ ಹೊಲಿಸ್ಕೊಡ್ತೀವಿ, ಸಂಖ್ಯೆ ಕೆಳಗೆ ನಮ್ಮ ಹೆಸರು ಹಾಕ್ತೀವಿ ಅಂದ್ರು. ಆಗಲ್ಲ ಅಂದೆ. ಕ್ರೀಡೆ ಬೇರೆ, ತರಬೇತಿ ಬೇರೆ. ತರಬೇತಿಗೆ ಪ್ರಾಯೋಜಕರು ಇರೋ ಹಾಗಿಲ್ಲ, ಇದು ನಿಯಮ. ಅಷ್ಟರಲ್ಲಿ ಬಟ್ಟೆ ಹೊಲಿಸಾಗಿತ್ತು. ಮೇಲಿನವರು 'ಹೆಸರು ತೆಗೆಸಿ ಬಟ್ಟೆ ಇಟ್ಕೋ' ಅಂದ್ರು. ಇಟ್ಕೊಂಡೆ."

ಮೇಜರ್ ಜೇಬಿನಿಂದ ಫಲಕದ ಫೋಟೋ ತೆಗೆದು ಮೇಜಿನ ಮೇಲಿಟ್ಟ. ಕತ್ತರಿ ಕನ್ನಡಕ ಏರಿಸಿಕೊಂಡಳು.

ಆಮೇಲೆ ಪೆನ್ಸಿಲಿನ ತುದಿಯನ್ನು ಹುಡುಗನ ಎದೆಯ ಮೇಲಿಟ್ಟಳು. ಅಲ್ಲಿ ಅಂಚಿನಲ್ಲಿ ಅರ್ಧ ಮಡಿಸಿಕೊಂಡ ಬಿಳಿ ಬಟ್ಟೆ. ಅದರ ಮೇಲೆ ಇನ್ನೂರ ಹದಿನಾಲ್ಕು. ಸಂಖ್ಯೆಯ ಕೆಳಗೆ ನಾಲ್ಕು ಬೆರಳಗಲ ಖಾಲಿ ಜಾಗ.

"ಈ ಖಾಲಿ ಜಾಗ ನಂದು ಸಾಹೇಬ್ರೇ. ಇಲ್ಲಿಂದ್ಲೇ ಅವರ ಹೆಸರು ತೆಗೆಸಿದ್ದು. ಹಳೇ ಪಟ್ಟಿಗಳು ಇಷ್ಟುದ್ದ ಇರಲ್ಲ."

"ಈ ಹೊಸ ಪಟ್ಟಿ ಎಷ್ಟು ಸಲ ಬಳಸಿದ್ರು?"

"ಒಂದೇ ಸಲ. ಹುಡುಗ ಸತ್ತ ಮೇಲೆ ಅಪಶಕುನ ಅಂತ ಮೂಟೆ ಕಟ್ಟಿ ಉಗ್ರಾಣಕ್ಕೆ ಹಾಕಿದ್ರು. ಮೂಟೆ ಕಟ್ಟಿಸಿದವಳೂ ನಾನೇ."

ಮೇಜರ್ ಕಣ್ಣು ಮುಚ್ಚಿಕೊಂಡ. ಅಂದರೆ ಹುಡುಗ ಈ ಬಟ್ಟೆಯನ್ನು ಜೀವಮಾನದಲ್ಲಿ ಒಂದೇ ಬೆಳಿಗ್ಗೆ ಕಟ್ಟಿಕೊಂಡಿದ್ದ. ಆರು ಗಂಟೆಗೆ ಕಟ್ಟಿದ್ದು, ಹನ್ನೊಂದೂವರೆಗೆ ಆಸ್ಪತ್ರೆಯಲ್ಲಿ ಬಿಚ್ಚಿದ್ದು. ಸಾವಿನ ವರದಿ ಅವನಿಗೆ ಬಾಯಿಪಾಠವಾಗಿತ್ತು: 'ನಡಿಗೆಯ ಹಾದಿಯಲ್ಲಿ ಹೊರಗಿನವರು ಯಾರೂ ಇರಲಿಲ್ಲ. ನೀರಿನ ವ್ಯವಸ್ಥೆ ಸಮರ್ಪಕವಾಗಿತ್ತು.'

"ಮೂರನೇ ಅರ್ಜಿ?"

"ಅದು ಇದೇ." ಕತ್ತರಿ ಕಾಗದವನ್ನು ಅವನತ್ತ ತಳ್ಳಿದಳು. "ನಡಿಗೆಯ ದಿನ ಸಿಪಾಯಿ ನಮ್ಮ ಬಾಟಲಿ ಹಿಡಿದ ಒಂದು ಚಿತ್ರ ತೆಗೀತೀವಿ ಅಂತ. ಫೋಟೋಗ್ರಾಫರ್‌ನ ವಿಳಾಸ ಸಮೇತ ಕೊಟ್ಟಿದ್ರು. ಅಡ್ಡ ಗೆರೆ ಎಳೆದೆ. ಕಂಪನಿಯವನು ಯಾಕೆ ಅಂತ ಜಗಳಕ್ಕೇ ಬಂದ. ಸಿನಿಮಾದವರು ಸೋಪು ಹಿಡ್ಕೊಳ್ಳಲ್ವಾ, ಆಟಗಾರರು ಶೂ ಹಾಕ್ಕೊಳ್ಳಲ್ವಾ ಅಂತ. ನಾನಂದೆ, ಅಪ್ಪಾ, ಅವರಿಗೆ ಬೇಡ ಅನ್ನೋ ಬಾಯಿದೆ. ಸಮವಸ್ತ್ರದಲ್ಲಿರೋನಿಗೆ ನಿಲ್ಲು ಅಂದ್ರೆ ನಿಲ್ತಾನೆ. ಅದಕ್ಕೇ ಈ ನಿಯಮ ಇರೋದು, ನಿನ್ನ ಹೊಟ್ಟೆ ಮೇಲೆ ಹೊಡೆಯೋಕಲ್ಲ ಅಂತ."

"ಆಮೇಲೆ?"

"ಆಮೇಲೆ ಅವನು ಬರ್ಲೇ ಇಲ್ಲ. ನಾನು ಪೀಡೆ ತೊಲಗಿತು ಅಂದ್ಕೊಂಡೆ." ಅವಳು ಕನ್ನಡಕ ತೆಗೆದು ಸೀರೆಯಂಚಿನಿಂದ ಒರೆಸಿದಳು. ಒರೆಸಿದ ಮೇಲೂ ಒರೆಸುತ್ತಲೇ ಇದ್ದಳು. "ಇಲ್ಲಿ ಆಗದ್ದನ್ನ ಬೇರೆ ಯಾರ ಹತ್ತಿರವೋ ಮಾಡಿಸ್ಕೊಂಡ ಅಂತ ನಂಗೆ ಹೊಳೀಬೇಕಿತ್ತು."

ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಕತ್ತರಿ ಎತ್ತಿ, ಕೇಳಿ, ರಿಸೀವರನ್ನು ಅವನಿಗೆ ಕೊಟ್ಟಳು. "ಕರ್ನಲ್ ಸಾಹೇಬ್ರು. ನೀವಿಲ್ಲಿರೋದು ಅವರಿಗೆ ಹೇಗೆ ಗೊತ್ತಾಯ್ತೋ."

"ಏನಯ್ಯಾ," ಎಂದಿತು ಆ ಕಡೆಯ ದನಿ, ಆತ್ಮೀಯವಾಗಿ. "ಇನ್ನೂ ಅದನ್ನೇ ಹಿಡ್ಕೊಂಡು ಕೂತಿದೀಯಾ? ಎರಡು ಸಾಲು ಬರೆದು ಮುಗಿಸು. ಒಪ್ಪಿಗೆ ಇಲ್ಲದೆ ಚಿತ್ರ ಬಳಸಿದಾರೆ, ಕಂಪನಿ ಕ್ಷಮೆ ಕೇಳಿದೆ, ನಾಳೆ ಫಲಕ ಇಳಿಸ್ತಾರೆ. ಆಯ್ತಲ್ಲ."

"ಚಿತ್ರ ಯಾವತ್ತು ತೆಗೆದದ್ದು ಅಂತ ತಿಳೀಬೇಕು ಸಾರ್."

"ಯಾವತ್ತೋ ತೆಗೆದದ್ದು. ಅವನೇನು ಒಂದೇ ದಿನ ಸಮವಸ್ತ್ರ ಹಾಕಿದ್ನಾ?"

"ಎದೆ ಮೇಲಿನ ಪಟ್ಟಿ ಒಂದೇ ದಿನ ಹಾಕಿದ್ದ ಸಾರ್."

ಮಾತು ಬಾಯಿ ಜಾರಿದ ಮೇಲೆ ಮೇಜರ್ ನಾಲಿಗೆ ಕಚ್ಚಿಕೊಂಡ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಕಲಿತದ್ದು ಒಂದಿದ್ದರೆ ಅದು ಇಂಥ ಹೊತ್ತಲ್ಲಿ ಬಾಯಿ ಮುಚ್ಚಿಕೊಂಡಿರುವುದು. ಸುಸ್ತಾದವನಿಗೆ ಅದೂ ಮರೆಯುತ್ತದೆ.

ಆ ಕಡೆಯಿಂದ, ಆತ್ಮೀಯತೆಯೆಲ್ಲ ಸೋರಿಹೋದ ದನಿಯಲ್ಲಿ: "ಯಾರು ಹೇಳಿದ್ದು?"

ಮೇಜರ್ ಎದುರು ಕೂತ ಹೆಂಗಸನ್ನು ನೋಡಿದ. "ಯಾರೂ ಇಲ್ಲ ಸಾರ್. ನನ್ನ ಕಣ್ಣಿಗೇ ಬಿತ್ತು."

ಲೈನು ಕಡಿಯಿತು.

*

ಫೋಟೋ ಸ್ಟುಡಿಯೋ ಮೊದಲ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಮೇಜರ್ ಎರಡು ಕಡೆ ನಿಂತು ಉಸಿರು ಎಳೆದುಕೊಂಡ. ಗೋಡೆಯ ತುಂಬ ನಗುವ ಮದುಮಕ್ಕಳು, ಬೋಳುಬಾಯಿಯ ಕೂಸುಗಳು, ಪಾಸ್‌ಪೋರ್ಟಿಗೆ ಕೂತು ಕಳ್ಳರಂತೆ ಕಾಣುವ ಸಂಭಾವಿತರು. ಗಿರಾಕಿಗಳು ಯಾರೂ ಇರಲಿಲ್ಲ.

ಫೋಟೋಗ್ರಾಫರ್ ಐವತ್ತರ ಆಸುಪಾಸಿನವನು. ಚಿಕ್ಕ ಕತ್ತರಿಯಂತ್ರದಲ್ಲಿ ಫೋಟೋ ಕತ್ತರಿಸುತ್ತಿದ್ದವನು ಸಮವಸ್ತ್ರ ಕಂಡು ಕೈ ನಿಲ್ಲಿಸಿದ. ಮೇಜರ್ ಬಾಗಿಲು ಹಾಕಿ, ಸ್ಟೂಲು ಎಳೆದುಕೊಂಡು ಅವನ ಎದುರು ಕೂತ.

"ನಡಿಗೆಯ ದಿನ ನಿನ್ನನ್ನ ಒಳಗೆ ಬಿಟ್ಟವರು ಯಾರು?"

"ಯಾವ ನಡಿಗೆ ಸಾರ್?"

"ನೋಡಪ್ಪಾ, ನಂಗೆ ಮಂಡಿ ನೋವು. ಮಧ್ಯಾಹ್ನ ಊಟ ಆಗಿಲ್ಲ. ನೀನು ಸುಳ್ಳು ಹೇಳಿ, ನಾನು ಅದನ್ನ ಬಿಡಿಸಿ, ನೀನು ಇನ್ನೊಂದು ಹೇಳಿ, ಅದಕ್ಕೆಲ್ಲ ನನ್ನಲ್ಲಿ ತ್ರಾಣ ಇಲ್ಲ. ಇನ್ನೂರ ಹದಿನಾಲ್ಕು. ಹೇಳು."

ಫೋಟೋಗ್ರಾಫರ್ ಕೈಯಲ್ಲಿದ್ದ ಫೋಟೋವನ್ನು ಕೆಳಗಿಟ್ಟ. ಆಮೇಲೆ ಕಟ್ಟೆಯೊಡೆದಂತೆ ಮಾತು ಹೊರಟಿತು.

"ಅಪ್ಪಣೆ ಆಗಿದೆ ಅಂದಿದ್ರು ಸಾರ್ ಕಂಪನಿಯವರು. ಬಾಗಿಲಲ್ಲಿ ಯಾರೂ ತಡೀಲಿಲ್ಲ. ಗುಡ್ಡದ ತಿರುವಲ್ಲಿ ನಿಂತ್ಕೋ, ಹುಡುಗರು ಅಲ್ಲಿಗೆ ಬರ್ತಾರೆ ಅಂದ್ರು. ಬಂದ್ರು. ನಲವತ್ತು ನಿಮಿಷ ನಿಲ್ಲಿಸ್ಕೊಂಡೆ. ಬೆಳಕು ಸರಿಯಾಗಿ ಬೀಳಬೇಕಲ್ಲ."

"ಬಿಸಿಲಲ್ಲಿ."

"ಬಿಸಿಲಲ್ಲೇ."

"ಅಲ್ಲಿ ಸೇನೆಯ ನೀರಿನ ಟ್ಯಾಂಕರ್ ಇರಬೇಕಿತ್ತು. ವರದಿಯಲ್ಲಿ ಇತ್ತು ಅಂತಿದೆ."

"ಇತ್ತು ಸಾರ್. ಹಳೇ ಟ್ಯಾಂಕರು, ತುಕ್ಕು ಹಿಡಿದದ್ದು. ಚಿತ್ರದಲ್ಲಿ ಅಡ್ಡ ಬರ್ತಿತ್ತು. ನೀರಿನ ಜಾಹೀರಾತಲ್ಲಿ ಹಿಂದೆ ಇನ್ನೊಂದು ನೀರು ಕಂಡ್ರೆ ಹೇಗೆ? ಸ್ವಲ್ಪ ಪಕ್ಕಕ್ಕೆ ಹಾಕ್ಸಿ ಅಂದೆ." "ಪಕ್ಕಕ್ಕೆ ಅಂದದ್ದು ಸಾರ್ ನಾನು. ಕಳಿಸಿಬಿಡಿ ಅನ್ಲಿಲ್ಲ. ಅಲ್ಲಿದ್ದ ಸಾಹೇಬ್ರು ಅದನ್ನ ಗುಡ್ಡದ ಕೆಳಕ್ಕೇ ಕಳಿಸಿಬಿಟ್ರು."

"ನಿನ್ನ ಹತ್ತಿರ ಬಾಟಲಿಗಳಿದ್ವಲ್ಲ. ಅದನ್ನೇ ಕುಡಿಸಬಹುದಿತ್ತು."

ಫೋಟೋಗ್ರಾಫರ್ ತಲೆ ತಗ್ಗಿಸಿದ.

"ಒಂದೇ ಬಾಟಲಿ ಇತ್ತು. ಅದರಲ್ಲಿ ನೀಲಿ ಬಣ್ಣ ಕಲಸಿದ್ದೆ. ಬರೀ ನೀರು ಚಿತ್ರದಲ್ಲಿ ಹೊಳೆಯಲ್ಲ ಸಾರ್. ಬಾಯಿಗೆ ಹಿಡ್ಕೋ ಅಷ್ಟೇ, ನುಂಗಬೇಡಪ್ಪಾ ಅಂತ ನಾನೇ ಹೇಳಿದೆ. ಅವನು ಆಯ್ತಣ್ಣಾ ಅಂದ."

ಕೆಳಗೆ ರಸ್ತೆಯಲ್ಲಿ ಯಾರೋ ಹಾರನ್ ಹೊಡೆಯುತ್ತಲೇ ಇದ್ದರು. ಬಸ್ಸಿನಲ್ಲಿ ಹೋದ ಹೆಂಗಸಿಗೆ ಇದನ್ನು ಹೇಗೆ ಹೇಳುವುದು? ಯಾವತ್ತು ತೆಗೆದದ್ದು ಅಂತ ಮಾತ್ರ ಕೇಳಿದ್ದಳು ಆಕೆ. ಅಷ್ಟಕ್ಕೇ ನಿಲ್ಲಿಸಬಹುದಾದರೆ ಎಷ್ಟು ಚೆನ್ನಾಗಿತ್ತು.

"ಕಣ್ಣು ಮುಚ್ಚಿದಾನೆ," ಎಂದ ಮೇಜರ್. "ನೀನು ಮುಚ್ಚು ಅಂದದ್ದಾ?"

"ಇಲ್ಲ."

"ಮತ್ತೆ?"

ಉತ್ತರದ ಬದಲು ಫೋಟೋಗ್ರಾಫರ್ ಎದ್ದು, ಗೋಡೆಗೆ ಒರಗಿಸಿದ್ದ ಬಣ್ಣದ ಪರದೆಗಳ ಹಿಂದಿನಿಂದ ಒಂದು ರಟ್ಟಿನ ಲಕೋಟೆ ತೆಗೆದ. "ಕಂಪನಿಗೆ ಎದೆಯಿಂದ ಮೇಲೆ ಮಾತ್ರ, ಬೇಡದ್ದನ್ನೆಲ್ಲ ಅಳಿಸಿ ಕೊಟ್ಟೆ. ಪೂರ್ತಿದು ಇದು. ಹರಿದು ಹಾಕೋಕೆ ಹೋದೆ, ಕೈ ಬರ್ಲಿಲ್ಲ. ಹೊರಗೆ ತೆಗೆಯೋಕೂ ಧೈರ್ಯ ಬರ್ಲಿಲ್ಲ. ಎಂಟು ತಿಂಗಳಿಂದ ಇದರ ಮುಂದೆ ಬೇರೆಯವರನ್ನ ಕೂರಿಸಿ, ನಗಿ ನಗಿ ಅಂತ ಫೋಟೋ ತೆಗೀತಿದೀನಿ."

ಮೇಜರ್ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದ.

ಹುಡುಗನ ಮೊಣಕಾಲು ಮಡಿಸಿತ್ತು. ಬೂಟಿನ ಹಿಮ್ಮಡಿ ನೆಲಕ್ಕೆ ತಾಗಿರಲಿಲ್ಲ. ಬಾಟಲಿ ಹಿಡಿದ ಬೆರಳುಗಳ ಮೇಲೆ ಇನ್ನೊಬ್ಬರ ಬೆರಳುಗಳು. ಬೆನ್ನ ಹಿಂದಿನಿಂದ ಒಂದು ಕೈ ಬಂದು ಅವನ ಕಾಲರ್ ಅನ್ನು ಮುಷ್ಟಿಯಲ್ಲಿ ಹಿಡಿದು ಎತ್ತಿ ನಿಲ್ಲಿಸಿತ್ತು. ಹೊಲಿಗೆಯ ಹೆಂಗಸು ರಸ್ತೆಯಾಚೆಯಿಂದ ಕಂಡದ್ದು ಅಕ್ಷರಶಃ ನಿಜ. ನೀರಿನ ಸುಖಕ್ಕೆ ಮುಚ್ಚಿದ ಕಣ್ಣಲ್ಲ ಅದು. ಹುಡುಗನಿಗೆ ಅಷ್ಟು ಹೊತ್ತಿಗೇ ಪ್ರಜ್ಞೆ ತಪ್ಪಿತ್ತು.

"ಇದೊಂದು ಆಗಿಬಿಡಲಿ, ಆಮೇಲೆ ಆಸ್ಪತ್ರೆಗೆ ಕಳಿಸೋಣ ಅಂದ್ರು ಆ ಸಾಹೇಬ್ರು," ಎಂದ ಫೋಟೋಗ್ರಾಫರ್. "ನಾನು ಬಟನ್ ಒತ್ತಿದೆ. ನಿಲ್ಲಿ ಅನ್ನಬಹುದಿತ್ತು. ಒತ್ತಿದೆ."

"ಯಾರು ಅವರು?"

"ಮುಖ ಕಾಣ್ಲಿಲ್ಲ ಸಾರ್. ಟೋಪಿ, ಕಪ್ಪು ಕನ್ನಡಕ. ಹೆಚ್ಚುಕಮ್ಮಿ ನಿಮ್ಮಷ್ಟೇ ಎತ್ತರ." ಅವನು ಮೇಜರ್‌ನ ಕಣ್ಣು ತಪ್ಪಿಸಿದ. "ತೋಳು ನೋಡಿ."

ಹಿಡಿದ ಕೈಯ ತೋಳಿನ ಮೇಲೆ ಕೆಂಪು ಪಟ್ಟಿ. ಸೇನಾ ಪೊಲೀಸರ ತೋಳುಪಟ್ಟಿ. ಇಲಾಖೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಪಟ್ಟಿ; ಅಂಚಿನಲ್ಲಿ ಕಪ್ಪು ದಾರದಲ್ಲಿ ಸಂಖ್ಯೆ ನೇಯ್ದಿರುತ್ತದೆ, ಸಹಿ ಹಾಕಿ ಪಡೆಯಬೇಕು. ಫೋಟೋದಲ್ಲಿ ಸಂಖ್ಯೆ ಸ್ಪಷ್ಟವಾಗಿತ್ತು.

ಹನ್ನೊಂದು.

ಮೇಜರ್ ತನ್ನ ಎಡತೋಳನ್ನು ನಿಧಾನವಾಗಿ ಬೆಳಕಿಗೆ ತಿರುಗಿಸಿದ. ನೋಡುವ ಅಗತ್ಯವಿರಲಿಲ್ಲ. ಹದಿನೇಳು ವರ್ಷದಿಂದ ದಿನಾ ಬೆಳಿಗ್ಗೆ ತಾನೇ ಕಟ್ಟಿಕೊಳ್ಳುವ ಸಂಖ್ಯೆ. ಆದರೂ ನೋಡಿದ. ಹನ್ನೊಂದು.

"ಆ ವಾರ ನಾನು ರಜೆಯಲ್ಲಿದ್ದೆ," ಎಂದ. ಯಾರಿಗೆ ಹೇಳಿದನೋ ಅವನಿಗೇ ತಿಳಿಯಲಿಲ್ಲ. "ಪಟ್ಟಿ ಆಫೀಸಿನ ಡ್ರಾಯರ್‌ನಲ್ಲಿತ್ತು."

"ಇರಬಹುದು ಸಾರ್," ಎಂದ ಫೋಟೋಗ್ರಾಫರ್. ಒಂದು ಹೆಜ್ಜೆ ಹಿಂದೆ ಸರಿದಿದ್ದ.

ಜೇಬಿನಲ್ಲಿ ಫೋನು ಗುರ್ರೆಂದಿತು. ಮೇಜರ್ ಫೋಟೋವನ್ನು ಮೇಜಿನ ಮೇಲಿಟ್ಟು ಫೋನು ಕಿವಿಗಿಟ್ಟ. ಹೆಂಡತಿ.

"ರೀ, ಎಲ್ಲಿದೀರಾ?" ಪಿಸುದನಿ. "ನಿಮ್ಮ ಆಫೀಸಿನಿಂದ ಇಬ್ಬರು ಬಂದಿದಾರೆ. ಕರ್ನಲ್ ಸಾಹೇಬ್ರ ಕಾಗದ ತಂದಿದಾರೆ. ಬೀರು ತೆಗೀರಿ, ಮನೆ ನೋಡ್ಬೇಕು ಅಂತಿದಾರೆ. ಆ ಹುಡುಗ ಸತ್ತ ದಿನ ನೀವು ಎಲ್ಲಿದ್ರಿ ಅಂತ ಕೇಳ್ತಿದಾರೆ. ನೀರು ತರ್ತೀನಿ ಅಂತ ಹೇಳಿ ಅಡುಗೆಮನೆಗೆ ಬಂದಿದೀನಿ."

"ಹೆದರ್ಬೇಡ. ಆಸ್ಪತ್ರೇಲಿದ್ರು ಅಂತ ಹೇಳು. ಅವತ್ತೇ ಅಲ್ವೇನೇ ನಿನ್ನ ಸೊಂಟದ ಆಪರೇಷನ್ ಆದದ್ದು."

"ಹಾಗೇ ಹೇಳ್ಲಾ?"

"ಇನ್ನು ಹೇಗೆ ಹೇಳ್ತೀಯಾ?"

ಆ ಕಡೆ ಅಡುಗೆಮನೆಯ ಬಾಗಿಲು ಮುಚ್ಚಿದ ಸದ್ದಾಯಿತು.

"ರೀ... ಆಪರೇಷನ್ ನಡುವೆ ರಕ್ತ ಬೇಕಾಯ್ತಂತೆ. ಸಹಿಗೆ ನಿಮ್ಮನ್ನ ಹುಡುಕಿದ್ರಂತೆ. ಒಂದು ಗಂಟೆ ಹುಡುಕಿದ್ರಂತೆ. ಕೊನೆಗೆ ನನ್ನ ತಮ್ಮ ಓಡಿ ಬಂದು ಸಹಿ ಹಾಕ್ದ. ನರ್ಸು ಮಾರನೇ ದಿನವೇ ನಂಗೆ ಹೇಳಿದ್ಲು."

ಅವತ್ತು ಸ್ಟ್ರೆಚರಿನ ಚಕ್ರಗಳು ಬಾಗಿಲಾಚೆ ಮರೆಯಾದ ಕೂಡಲೇ ಮೇಜರ್‌ಗೆ ಹೆದರಿಕೆ ಹತ್ತಿತ್ತು. ಲೆಕ್ಕವಿಲ್ಲದಷ್ಟು ಹೆಣ ನೋಡಿದವನು, ಆ ಮುಚ್ಚಿದ ಬಾಗಿಲ ಮುಂದೆ ಐದು ನಿಮಿಷ ಕೂರಲಾಗದೆ ಎದ್ದು ಹೊರಟುಬಿಟ್ಟಿದ್ದ. ಸಿಕ್ಕ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿದ್ದ, ಅದೇ ಬಸ್ಸಿನಲ್ಲಿ ಮರಳಿದ್ದ, ಮತ್ತೆ ಹೋಗಿದ್ದ. ಮಧ್ಯಾಹ್ನದವರೆಗೆ. ಯಾರೂ ಗುರುತಿನವರು ಸಿಗಲಿಲ್ಲ. ಸಿಗದಿದ್ದುದೇ ಒಳ್ಳೆಯದಾಯಿತು ಅಂದುಕೊಂಡಿದ್ದ. ಅವಳು ಕಣ್ಣು ಬಿಡುವ ಹೊತ್ತಿಗೆ ಪಕ್ಕದಲ್ಲಿ ಕೈ ಹಿಡಿದು ಕೂತಿದ್ದ. ಎಲ್ಲಿಗೂ ಹೋಗದವನ ಹಾಗೆ.

"ಎಂಟು ತಿಂಗಳು ನಾನು ಕೇಳ್ಲಿಲ್ಲ," ಎಂದಳು ಹೆಂಡತಿ. "ಇನ್ನು ಮುಂದೂ ಕೇಳ್ತಿರಲಿಲ್ಲ. ಸುಳ್ಳು ಹೇಳು ಅಂದ್ರೆ ಹೇಳ್ತೀನಿ ರೀ, ಈಗ್ಲೇ ಹೋಗಿ ಹೇಳ್ತೀನಿ. ಆದ್ರೆ ಮೊದಲು ನಂಗೆ ನಿಜ ಹೇಳಿ. ಅವತ್ತು ಎಲ್ಲಿಗೆ ಹೋಗಿದ್ರಿ?"

ಸ್ಟುಡಿಯೋ ನಿಶ್ಶಬ್ದವಾಗಿತ್ತು. ಫೋನಿನ ದನಿ ಕೋಣೆಗೆಲ್ಲ ಕೇಳಿಸಿರಬೇಕು.

ಮೇಜರ್‌ನ ತೋಳುಪಟ್ಟಿಯಿಂದ ಕಣ್ಣು ತೆಗೆಯದೆ ಫೋಟೋಗ್ರಾಫರ್ ಮೆಲ್ಲನೆ ಕೈ ಚಾಚಿದ. ಮೇಜಿನ ಮೇಲಿದ್ದ ಫೋಟೋವನ್ನು ಎರಡು ಬೆರಳಿನಿಂದ ಒತ್ತಿ, ಸದ್ದಾಗದಂತೆ ತನ್ನ ಕಡೆಗೆ ಎಳೆದುಕೊಂಡ.